ತುರುಗೊಳ್ ಆಟದ ಕರಡು ಓದಿ ರಘುಗೆ ಬರೆದ ಪತ್ರ

ಹಾಸನ

ರಘು,

ಮೇಜಿನ ಮೇಲೆ ಗೊಂಬೆ ಇಟ್ಟು ಆಡುವ ನಿನ್ನ ಹೊಯ್ಸಳರ ಕಾಲದ ತುರುಗೊಳ್ (ದನ ಕದಿಯುವ ಕಾಳಗ) ಆಟದ ನಿಯಮ ಪುಸ್ತಕದ 64 ಪುಟವನ್ನೂ ಓದಿದೆ. ಒಳಗೊಂದು ಒಳ್ಳೇ ಆಟ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಗಾಯದ ಲೆಕ್ಕಕ್ಕೆ 11 ಪುಟ ಕೊಟ್ಟು ಓಡಿಹೋಗುವುದಕ್ಕೆ ಅರ್ಧ ಪುಟ ಕೊಟ್ಟಿದ್ದೀಯ. ತಿರುಗುಮುರುಗಾಯ್ತು ಮಾರಾಯ. ಒಂದೊಂದು ಕಡೆ ಎಂಟೆಂಟು ಜನ ಹೊಡೆದಾಡುವ ಚಕಮಕಿಯಲ್ಲಿ ಮೂರು ಜನ ಬಿದ್ದರೆ ಉಳಿದವರ ಕಣ್ಣು ಬಂದ ದಾರಿಯ ಕಡೆ ಹೊರಳುತ್ತದೆ. ಓಡದೆ ನಿಂತವನಿಗೆ ಊರವರು ವೀರಗಲ್ಲು ನಿಲ್ಲಿಸಿದರು. ಎಲ್ಲರೂ ನಿಲ್ಲುವ ಹಾಗಿದ್ದರೆ ಕಲ್ಲು ಯಾಕೆ ಬೇಕಿತ್ತು?

ಹಾಗಾಗಿ ಮೊದಲು ಎದೆಗಾರಿಕೆಯ ನಿಯಮ ಬರೆ. ಪಡೆಯ ಮೂರನೇ ಒಂದು ಪಾಲು ಬಿದ್ದ ಮೇಲೆ ಪ್ರತಿ ಸುತ್ತಿನ ಕೊನೆಗೆ ಒಬ್ಬೊಬ್ಬರಿಗೂ ಎರಡು ದಾಳ ಹಾಕಬೇಕು. ಮೊತ್ತ ಅವನ ಎದೆಯ ಅಂಕಿಗೆ ಸಮ ಅಥವಾ ಕಡಿಮೆ ಬಂದರೆ ನಿಲ್ಲುತ್ತಾನೆ, ಜಾಸ್ತಿ ಬಂದರೆ ಹತ್ತಿರದ ಅಂಚಿಗೆ ಓಡುತ್ತಾನೆ. ಊರಾಳಿಗೆ 7 ಇಡು: ಎರಡು ದಾಳ ಬೀಳಬಹುದಾದ 36 ಬಗೆಯಲ್ಲಿ 21 ಸಲ ನಿಲ್ಲುತ್ತಾನೆ. ಬಂಟನಿಗೆ 8, ಅಂದರೆ 26 ಸಲ. ನಾಯಕನಿಗೆ 9, ಅಂದರೆ 30 ಸಲ. ನೀನು ಊರಾಳಿಗೂ 10 ಕೊಟ್ಟಿದ್ದೀಯ. 36ರಲ್ಲಿ 33 ಸಲ ನಿಲ್ಲುವವನು ಊರಾಳಲ್ಲ, ಒಡೆಯನಿಗೆ ಪ್ರಾಣ ಮುಡಿಪಿಟ್ಟ ಗರುಡ.

ಗರುಡರನ್ನು ನೀನು ಹೇಗೆ ಬಿಟ್ಟೆಯೋ ಗೊತ್ತಾಗಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರವೇ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಗರುಡ ಕುವರ ಲಕ್ಷ್ಮನ ಕಂಬ ನಿಂತಿದೆ. ಒಡೆಯ ಸತ್ತ ಮೇಲೆ ತಾನು ಉಳಿಯುವುದಿಲ್ಲ ಅಂತ ಆಣೆ ಮಾಡಿದವರು ಅವರು. ನಿಯಮಕ್ಕೆ ಎರಡು ಸಾಲು ಸಾಕು: ಒಡೆಯ ಮೇಜಿನ ಮೇಲಿರುವ ತನಕ ಗರುಡನಿಗೆ ಎದೆಯ ದಾಳ ಇಲ್ಲ, ಒಡೆಯ ಬಿದ್ದ ಸುತ್ತು ಮುಗಿಯುತ್ತಲೇ ಗರುಡನನ್ನೂ ಎತ್ತಿಡಬೇಕು. ಎದುರಾಳಿ ಆಗ ತಾನಾಗಿಯೇ ಒಡೆಯನ ಬೆನ್ನು ಹತ್ತುತ್ತಾನೆ.

ಇನ್ನು ಕೈಕೈ ಕಾಳಗ. ಇಬ್ಬರೂ ಒಂದೊಂದು ದಾಳ ಹಾಕಿ ಹೆಚ್ಚು ಬಂದವನು ಗೆಲ್ಲುವ ಪದ್ಧತಿ ಚೆನ್ನಾಗಿದೆ, ಬದಲಾಯಿಸಬೇಡ. ಏನೂ ಸೇರಿಸದಿದ್ದರೆ 36ರಲ್ಲಿ 15 ಗೆಲುವು, 6 ಸಮ, 15 ಸೋಲು. +1 ಕೊಟ್ಟರೆ ಗೆಲುವು 21, +2ಕ್ಕೆ 26, +3ಕ್ಕೆ 30. ನೀನು ದಿಬ್ಬಕ್ಕೊಂದು, ಗುರಾಣಿಗೊಂದು, ಉದ್ದ ಈಟಿಗೊಂದು, ಕುದುರೆಗೊಂದು, ಹಿಂದಿನಿಂದ ಬಿದ್ದರೆ ಇನ್ನೊಂದು ಅಂತ +5ರ ತನಕ ಏರಿಸಿದ್ದೀಯ. ಅಲ್ಲಿಗೆ 35 ಗೆಲುವು, ಒಂದು ಸಮ. ಸೋಲೇ ಇಲ್ಲ, ಮತ್ತೆ ದಾಳ ಯಾಕೆ ಹಾಕುವುದು? ಎಷ್ಟೇ ಅನುಕೂಲ ಇದ್ದರೂ ಒಟ್ಟು +2 ದಾಟಬಾರದು ಅಂತ ಒಂದೇ ವಾಕ್ಯ ಬರೆ, ಎರಡು ಪುಟದ ಪಟ್ಟಿ ಉದುರಿಹೋಗುತ್ತದೆ.

ಬಿಲ್ಲಿನ ದೂರಕ್ಕೆ ಅಳತೆಪಟ್ಟಿ ಹಿಡಿದು ಕೂರಬೇಡ. 28 ಮಿ.ಮೀ. ಗೊಂಬೆ ಅಂದರೆ ಹೆಚ್ಚುಕಡಿಮೆ ನಿಜದ 60ರಲ್ಲಿ ಒಂದು ಪಾಲು. 100 ಮೀಟರ್ ಮೇಜಿನ ಮೇಲೆ ಸುಮಾರು 66 ಇಂಚು ಆಗುತ್ತದೆ, ಮೂರಡಿ ಚೌಕದ ನಿನ್ನ ಮೇಜೇ 36. ಬಿಲ್ಲನ್ನು 18 ಇಂಚಿಗೆ ಕಟ್ಟಿಹಾಕು. ರಥ ತೆಗೆ, ಗುಡಿಯ ಗೋಡೆಯಲ್ಲಿ ನೀನು ನೋಡಿದ್ದು ಮಹಾಭಾರತದ ರಥ, 12ನೇ ಶತಮಾನದ ದಂಡಿನದ್ದಲ್ಲ. ಆನೆಯನ್ನು ಮುಂದಿನ ಪುಸ್ತಕಕ್ಕೆ ಇಟ್ಟುಕೋ. ಎಂಟು ಜನರ ಆಟಕ್ಕೆ ಒಂದು ಆನೆ ಬಂದರೆ ಆಟವೆಲ್ಲ ಆನೆಯದ್ದೇ.

ನನಗೆ ಹಿಡಿಸಿದ್ದು ತುರುಗೊಳ್ ಪ್ರಸಂಗ. ವೀರಗಲ್ಲಿನ ಕೆಳಗಿನ ಪಟ್ಟಿ ಎದ್ದು ಬಂದಂತಿದೆ. ಆದರೆ ಲೆಕ್ಕ ತಪ್ಪಿದೆ. ಹಸುಗಳು ಮೇಜಿನ ನಡುವೆ, ಅಂಚಿಗೆ 18 ಇಂಚು. ಹಸು ಸುತ್ತಿಗೆ 4 ಇಂಚು ನಡೆದರೆ ಐದು ಸುತ್ತು, ಹಸುವಿನ ಹತ್ತಿರ ಬರಲು ಒಂದು ಸುತ್ತು. ಆಟ ಆರೇ ಸುತ್ತಿಗೆ ಮುಗಿಯುತ್ತದೆ ಅಂದಿದ್ದೀಯ. ಒಂದು ಹಸು ಒಂದು ಸಲ ನಿಂತರೂ ಕಳ್ಳರ ಕಥೆ ಮುಗಿಯಿತು. ಎಂಟು ಸುತ್ತು ಮಾಡು, ಇಲ್ಲವೇ ಹಸುಗಳನ್ನು ಅಂಚಿನಿಂದ 12 ಇಂಚಿಗೆ ಇಡು. ಒಬ್ಬ ಎರಡಕ್ಕಿಂತ ಹೆಚ್ಚು ಹಸು ಅಟ್ಟಿಕೊಂಡು ಹೋಗುವಂತಿಲ್ಲ, ಹಸು ಅಟ್ಟುತ್ತಿರುವವನು ಬಾಣ ಬಿಡುವಂತಿಲ್ಲ. ಅಂಚು ದಾಟಿದ ಹಸುವಿಗೂ ಕೊಂದ ಆಳಿಗೂ ಎರಡೆರಡು ಅಂಕ ಇಟ್ಟಿದ್ದೀಯ. ಹಾಗಾದರೆ ಹಸುವಿನ ತಂಟೆಗೆ ಯಾರು ಹೋಗುತ್ತಾರೆ? ಆಳಿಗೆ ಸೊನ್ನೆ ಮಾಡು. ಹಸು ಗೊಂಬೆಯನ್ನೂ ಸಣ್ಣದು ಮಾಡು: ಮಲೆನಾಡು ಗಿಡ್ಡ ತಳಿಯ ಹಸು ಸುಮಾರು 90 ಸೆಂ.ಮೀ. ಎತ್ತರ, ಮೇಜಿನ ಮೇಲೆ 15 ಮಿ.ಮೀ. ಸಾಕು. ನೀನು ಮಾಡಿಸಿದ್ದು ಕುದುರೆಯಷ್ಟಿದೆ.

ಎರಡನೇ ಪ್ರಸಂಗಕ್ಕೆ 1311 ತಗೋ. ದಿಲ್ಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರ್ ದೋರಸಮುದ್ರದ (ಈಗಿನ ಹಳೇಬೀಡು) ಮೇಲೆ ಬಂದಾಗ ಹೊಯ್ಸಳ ದೊರೆ ಮುಮ್ಮಡಿ ಬಲ್ಲಾಳ ತಮಿಳು ಸೀಮೆಯ ಕಡೆ ಹೋಗಿದ್ದ. ದೊರೆಗೆ ಸುದ್ದಿ ಒಯ್ಯುವ ಸವಾರನೊಬ್ಬ ಮೇಜು ದಾಟಿದರೆ ಗೆಲುವು ಅಂತಿಡು. ಅದು ನಮ್ಮ ಕಲ್ಪನೆ ಅಂತ ಪುಟದ ಕೆಳಗೆ ಹೇಳಿಬಿಡು.

ಸಲಕರಣೆ ವಿಷಯ ಬೇಗ ಮುಗಿಸುತ್ತೇನೆ. ಪೆಟ್ಟಿಗೆಯಲ್ಲಿ ರೆಸಿನ್ ಗೊಂಬೆ ಬೇಡ, 2 ಮಿ.ಮೀ. ರಟ್ಟಿನ ನಿಲುಗೊಂಬೆ ಕೊಡು, ಬುಡಕ್ಕೆ 25 ಮಿ.ಮೀ. ಬಿಲ್ಲೆ. ಚಿತ್ರದ ಹಾಳೆಯನ್ನು ರಟ್ಟಿನ ಎರಡೂ ಕಡೆ ಅಂಟಿಸಬೇಕು. ಒಂದೇ ಕಡೆ ಅಂಟಿಸಿದರೆ ಹಾಳೆ ಒಂದು ತರಹ, ರಟ್ಟು ಒಂದು ತರಹ ತೇವ ಎಳೆದು, ಮೂಡಿಗೆರೆ ಮಳೆಯಲ್ಲಿ ನಾಯಕನಿಂದ ಹಸುವಿನ ತನಕ ಎಲ್ಲರೂ ಹಪ್ಪಳದ ಹಾಗೆ ಬಾಗುತ್ತಾರೆ. ದಿಬ್ಬಕ್ಕೆ ಥರ್ಮೋಕೋಲ್ ಆದರೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯಬೇಡ, ಕರಗಿ ಗುಳಿ ಬೀಳುತ್ತದೆ. ಮೊದಲು ಫೆವಿಕಾಲ್ ಬಳಿದು, ಜರಡಿ ಹಿಡಿದ ಕೆಮ್ಮಣ್ಣು ಉದುರಿಸಿ, ಒಣಗಿದ ಮೇಲೆ ನೀರಿನ ಬಣ್ಣ.

ಪುಸ್ತಕ ಎ5 ಅಳತೆಯಲ್ಲಿ 48 ಪುಟಕ್ಕೆ ಇಳಿಸು. ಮಡಚಿ ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು, 50 ಆದರೆ ಎರಡು ಪುಟ ಖಾಲಿ ಬೀಳುತ್ತವೆ. ಚಿತ್ರ ಅಂಚಿನ ತನಕ ಬರುವಲ್ಲಿ 3 ಮಿ.ಮೀ. ಹೆಚ್ಚು ಬಿಡು, ಇಲ್ಲದಿದ್ದರೆ ಕತ್ತರಿಸಿದಾಗ ಬಿಳಿ ಗೆರೆ ಕಾಣುತ್ತದೆ. ಅಚ್ಚಿನವರು ಯೂನಿಕೋಡ್ ಅಲ್ಲದ ಹಳೇ ನುಡಿ ಆಸ್ಕಿ ಅಕ್ಷರದಲ್ಲಿ ಪುಟ ಕಟ್ಟುತ್ತೇವೆ ಅಂದರೆ ಒಪ್ಪಬೇಡ: ಅಚ್ಚಿನಲ್ಲಿ ಚೆಂದ ಕಂಡರೂ ಪಿಡಿಎಫ್‌ನಲ್ಲಿ ‘ಗರುಡ’ ಅಂತ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್ ಇರಲಿ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ, ಅದನ್ನೂ ನೋಡಿಕೋ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡ, ರಾಜಾ ರಾಮ್‌ಮೋಹನ್ ರಾಯ್ ಸಂಸ್ಥೆಯಿಂದ ಪುಕ್ಕಟೆ ಸಿಗುತ್ತದೆ. ಪೆಟ್ಟಿಗೆಯ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಅಂತ ಹಾಕು. ಅದಕ್ಕಿಂತ ಚಿಕ್ಕವರ ಆಟಿಕೆಗೆ 2021ರಿಂದ ಗುಣಮಟ್ಟದ ಬಿಐಎಸ್ ಗುರುತು ಕಡ್ಡಾಯ.

ಅಚ್ಚಿಗೆ ಕೊಡುವ ಮೊದಲು, ಆಟ ಗೊತ್ತೇ ಇಲ್ಲದ ಇಬ್ಬರ ಕೈಗೆ ಪುಸ್ತಕ ಕೊಟ್ಟು ನೀನು ಮೂಲೆಯಲ್ಲಿ ಕೂತುಕೋ. ಬಾಯಿ ಬಿಡಬೇಡ. ಯಾವ ಪುಟವನ್ನು ಮತ್ತೆ ಮತ್ತೆ ಮಗುಚುತ್ತಾರೋ ಬರೆದುಕೋ, ತಿದ್ದಬೇಕಾದ್ದು ಅಲ್ಲೇ. ಈಗಲೇ ಒಂದು ಹೇಳುತ್ತೇನೆ: 9ನೇ ಪುಟದಲ್ಲಿ ‘ಸುತ್ತು’, 14ರಲ್ಲಿ ‘ಸರದಿ’, 20ರಲ್ಲಿ ‘ಬಾರಿ’. ಮೂರೂ ಒಂದೇ ಅಂತ ನಿನಗೆ ಗೊತ್ತು, ಓದುವವನು ಮೂರು ಬೇರೆ ಬೇರೆ ಅಂದುಕೊಳ್ಳುತ್ತಾನೆ. ‘ಸುತ್ತು’ ಇಟ್ಟುಕೊಂಡು ಉಳಿದೆರಡನ್ನೂ ಹೊಡೆದುಹಾಕು.

ತಿದ್ದಿದ 48 ಪುಟ ಕಳಿಸು. ಹಸು ಗೊಂಬೆ ಮರೆಯಬೇಡ, ಆರು.

ನಿನ್ನ,
ಹಾಸನದ ಗೆಳೆಯ