ಮೂರನೇ ವರ್ಷದ ವರ್ಗಾವಣೆ: ಗಡುವಿನೊಳಗೆ ತೀರ್ಮಾನವಾಗಲಿ

ಮಾನ್ಯ ಸಂಪಾದಕರೇ,

ತಂದೆಯ ವರ್ಗಾವಣೆ, ಮನೆಯವರ ಅನಾರೋಗ್ಯ, ಮದುವೆ ಮುಂತಾದ ಕಾರಣಗಳಿಂದ ನಾಲ್ಕು ಸೆಮಿಸ್ಟರ್ ಮುಗಿಸಿ ಬೇರೆ ವಿಶ್ವವಿದ್ಯಾಲಯದಿಂದ ಹುಬ್ಬಳ್ಳಿ–ಧಾರವಾಡಕ್ಕೆ ಬರುವ ಪದವಿ ವಿದ್ಯಾರ್ಥಿಗಳ ಪಾಡು ಹೇಳತೀರದು. ನನ್ನ ತಂಗಿಯ ಮಗಳು ವಲಸೆ ಪ್ರಮಾಣಪತ್ರ, ಅಂಕಪಟ್ಟಿಗಳ ಜೊತೆಗೆ ಓದಿದ ಎಲ್ಲ ವಿಷಯಗಳ ಪಠ್ಯಕ್ರಮಕ್ಕೂ ಪುಟಪುಟಕ್ಕೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿಕೊಂಡು ಬಂದಿದ್ದಳು. ಆದರೂ ಮೊದಲ ವರ್ಷದ ಒಂದು ಪತ್ರಿಕೆ ಇಲ್ಲಿನದಕ್ಕೆ ಸರಿಹೊಂದುವುದಿಲ್ಲವೆಂದು ಕಡತ ಮೇಜಿನಿಂದ ಮೇಜಿಗೆ ಅಲೆಯಿತೇ ಹೊರತು ತೀರ್ಮಾನವಾಗಲಿಲ್ಲ. ಅಷ್ಟರಲ್ಲಿ ಐದನೇ ಸೆಮಿಸ್ಟರ್‌ನ ಪರೀಕ್ಷಾ ಶುಲ್ಕ ಕಟ್ಟುವ ದಿನಾಂಕವೇ ದಾಟಿಹೋಯಿತು.

ಒಂದೆಡೆ ಗಳಿಸಿದ ಕ್ರೆಡಿಟ್ (ವಿಷಯವೊಂದರಲ್ಲಿ ತೇರ್ಗಡೆಯಾದಾಗ ಸಿಗುವ ಕಲಿಕಾ ಅಂಕ) ಇನ್ನೊಂದೆಡೆ ಸಲ್ಲಬೇಕೆಂಬ ಉದ್ದೇಶದಿಂದಲೇ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರಲ್ಲಿ ಕ್ರೆಡಿಟ್‌ಗಳನ್ನು ವಿದ್ಯಾರ್ಥಿಯ ಖಾತೆಯಲ್ಲಿ ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಾವಳಿ ತಂದಿತು. ಆದರೆ ಪದವಿ ನೀಡುವ ಸಂಸ್ಥೆಯಲ್ಲೇ ಕನಿಷ್ಠ ಶೇ 50ರಷ್ಟು ಕ್ರೆಡಿಟ್ ಗಳಿಸಿರಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ಮೂರು ವರ್ಷದ ಪದವಿಯಲ್ಲಿ ಎರಡು ವರ್ಷ ಬೇರೆಡೆ ಓದಿ ಬಂದವರಿಗೆ ಉಳಿಯುವುದು ಮೂರನೇ ಒಂದು ಪಾಲು ಮಾತ್ರ. ಅಂಥವರು ಏನು ಮಾಡಬೇಕು?

ಹಾವೇರಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾದ ಮೇಲೆ ಅಲ್ಲಿನ ಕಾಲೇಜಿನಿಂದ ಹುಬ್ಬಳ್ಳಿಗೆ ಬರುವುದೂ ವಿಶ್ವವಿದ್ಯಾಲಯ ಬದಲಾವಣೆಯೇ ಆಗಿದೆ. ಇದು ಅನೇಕ ಪಾಲಕರಿಗೆ ತಿಳಿದಿಲ್ಲ. ಕೊನೆಯ ಪಕ್ಷ ನೆರೆಯ ವಿಶ್ವವಿದ್ಯಾಲಯಗಳಾದರೂ ಯಾವ ಪತ್ರಿಕೆ ಯಾವುದಕ್ಕೆ ಸಮ ಎಂಬ ಪಟ್ಟಿಯನ್ನು ಪ್ರವೇಶಕ್ಕೆ ಮೊದಲೇ ಪ್ರಕಟಿಸಲಿ. ಅರ್ಜಿ ಬಂದ ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ನೀಡಲಿ. ಕೊರತೆ ಬೀಳುವ ಪತ್ರಿಕೆಗಳನ್ನು ಐದು ಮತ್ತು ಆರನೇ ಸೆಮಿಸ್ಟರ್‌ಗಳ ಜೊತೆಯಲ್ಲೇ ಬರೆಯಲು ಅವಕಾಶ ಕೊಡಬೇಕೆಂದು ಉನ್ನತ ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ಓರ್ವ ಪಾಲಕ, ಧಾರವಾಡ