‘ಪುಂಡು’ ಎನ್ನಬೇಡಿ, ಅದು ಗೆಸ್ಟಾಪೊ ಕಡತದ ಭಾಷೆ

ಮಾನ್ಯ ಸಂಪಾದಕರೇ,

ಹಿಟ್ಲರನ ಜರ್ಮನಿಯಲ್ಲಿ ಪ್ರಭುತ್ವವನ್ನು ಎದುರು ಹಾಕಿಕೊಂಡವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಕರಪತ್ರ ಹಂಚಿ 1943ರಲ್ಲಿ ತಲೆ ಕೊಟ್ಟ ‘ಶ್ವೇತ ಗುಲಾಬಿ’ ಬಳಗದ ವಿದ್ಯಾರ್ಥಿಗಳಿಗೆ, 1944ರ ಜುಲೈ 20ರಂದು ಹಿಟ್ಲರನನ್ನು ಬಾಂಬಿಟ್ಟು ಕೊಲ್ಲಲು ಹೊರಟ ಸೇನಾಧಿಕಾರಿಗಳಿಗೆ ಸಲ್ಲಬೇಕಾದ ಗೌರವ ಅಲ್ಲಿ ಸಂದಿದೆ. ಜಾಝ್ ಸಂಗೀತದ ಕುಣಿತದ ಬಗೆಯಾದ ‘ಸ್ವಿಂಗ್’ಗೆ ಮನಸೋತ ಹ್ಯಾಂಬರ್ಗಿನ ‘ಸ್ವಿಂಗ್’ ಮಕ್ಕಳಿಗೆ ಮಾತ್ರ ಸಿಕ್ಕಿದ್ದು ಒಂದೇ ಸಾಲು: ‘ಮೋಜಿಗಾಗಿ ಕುಣಿದ ಶ್ರೀಮಂತರ ಮನೆಯ ಪುಂಡು ಹುಡುಗರು’. ನಾನು ಬರೆಯುತ್ತಿರುವುದು ಆ ಒಂದು ಸಾಲಿಗಾಗಿ.

ಶ್ರೀಮಂತರ ಮನೆಯವರು ಎಂಬುದು ಬಹುಮಟ್ಟಿಗೆ ನಿಜ. ಮನೆಯಲ್ಲಿ ಗ್ರಾಮೊಫೋನ್ ಇದ್ದವರು, ಕಡಲಾಚೆಯಿಂದ ಬಂದ ರೆಕಾರ್ಡುಗಳನ್ನು ಕೊಳ್ಳುವ ಶಕ್ತಿ ಇದ್ದವರು. ಹ್ಯಾಂಬರ್ಗ್ ಬಂದರು ನಗರ. ಇಂಗ್ಲೆಂಡಿನ ಗಾಳಿ ಅಲ್ಲಿಗೆ ಮೊದಲಿನಿಂದಲೂ ಬೀಸುತ್ತಿತ್ತು. ಹುಡುಗರು ಇಂಗ್ಲಿಷರ ಹಾಗೆ ಉದ್ದನೆಯ ಕೋಟು ತೊಟ್ಟು, ಮಳೆ ಇರಲಿ ಬಿಡಲಿ ಕೈಯಲ್ಲಿ ಮಡಿಸಿದ ಕೊಡೆ ಹಿಡಿದು, ಕಾಲರಿನವರೆಗೆ ಕೂದಲು ಬಿಟ್ಟು ಓಡಾಡುತ್ತಿದ್ದರು. ಹುಡುಗಿಯರು ಸರ್ಕಾರ ಮೆಚ್ಚಿದ ಜಡೆ ಹೆಣೆದುಕೊಳ್ಳದೆ ಕೂದಲು ಇಳಿಬಿಟ್ಟು ತುಟಿಗೆ ಬಣ್ಣ ಹಚ್ಚುತ್ತಿದ್ದರು. ‘ಹೈಲ್ ಹಿಟ್ಲರ್’ ಎನ್ನಬೇಕಾದ ಕಡೆ ಒಬ್ಬರಿಗೊಬ್ಬರು ‘ಸ್ವಿಂಗ್ ಹೈಲ್’ ಅನ್ನುತ್ತಿದ್ದರು. ಮೋಜಿಗಾಗಿ ಎಂಬುದೂ ಸುಳ್ಳಲ್ಲ. ಅವರಲ್ಲಿ ಹೆಚ್ಚಿನವರಿಗೆ ರಾಜಕೀಯ ಕಾರ್ಯಕ್ರಮವೇನೂ ಇರಲಿಲ್ಲ. ಅವರನ್ನು ಕ್ರಾಂತಿಕಾರಿಗಳೆಂದು ಮೆರೆಸಿ ಎಂದು ನಾನು ಕೇಳುತ್ತಿಲ್ಲ. ನನ್ನ ತಕರಾರು ‘ಪುಂಡು’ ಎಂಬ ಪದದ ಮೇಲೆ.

ಆ ಕಾಲದಲ್ಲಿ ಒಬ್ಬ ಹದಿಹರೆಯದ ಹುಡುಗನ ಸಂಜೆ ಯಾರ ಕೈಯಲ್ಲಿತ್ತು ಎಂಬುದನ್ನು ಮೊದಲು ನೋಡಬೇಕು. 1936ರ ಡಿಸೆಂಬರಿನ ಕಾನೂನು ಜರ್ಮನಿಯ ಎಲ್ಲ ಮಕ್ಕಳನ್ನೂ ಹಿಟ್ಲರ್ ಯುವದಳದ ಸುಪರ್ದಿಗೆ ಒಪ್ಪಿಸಿತು. 1939ರ ಮಾರ್ಚಿನಲ್ಲಿ ಬಂದ ಆದೇಶ ಆ ದಳದ ಸೇವೆಯನ್ನು ಕಡ್ಡಾಯ ಮಾಡಿತು. ಸಮವಸ್ತ್ರ, ಕವಾಯತು, ಡೋಲಿನ ಪೆಟ್ಟಿಗೆ ಸರಿಯಾಗಿ ಎಡ ಬಲ ಎಡ ಬಲ. ಆಕಾಶವಾಣಿಯಿಂದ ಜಾಝ್ ಸಂಗೀತವನ್ನು 1935ರ ಅಕ್ಟೋಬರಿನಲ್ಲೇ ಓಡಿಸಿಯಾಗಿತ್ತು. 1938ರಲ್ಲಿ ಡಸೆಲ್‌ಡಾರ್ಫಿನಲ್ಲಿ ‘ಪತಿತ ಸಂಗೀತ’ ಎಂಬ ಪ್ರದರ್ಶನ ಏರ್ಪಟ್ಟಾಗ ಅದರ ಭಿತ್ತಿಪತ್ರದಲ್ಲಿ ಸ್ಯಾಕ್ಸೊಫೋನ್ ಊದುವ ಕಪ್ಪು ಮನುಷ್ಯನ ವಿಕಾರ ಚಿತ್ರವಿತ್ತು, ಅವನ ಎದೆಗೆ ಯಹೂದಿ ನಕ್ಷತ್ರವನ್ನು ಅಂಟಿಸಿದ್ದರು. ಕಪ್ಪು ಜನ ಹುಟ್ಟಿಸಿದ, ಯಹೂದಿಗಳು ನುಡಿಸಿದ ಸಂಗೀತ ಜರ್ಮನ್ ರಕ್ತವನ್ನು ಕೆಡಿಸುತ್ತದೆ ಎಂಬುದು ಅದರ ಅರ್ಥ.

ನಮ್ಮ ಭಾಷೆಯಲ್ಲಿ ಅಧಿಕಾರಕ್ಕೆ ಶರಣಾದವನನ್ನು ‘ಕುಣಿಸಿದ ಹಾಗೆ ಕುಣಿಯುತ್ತಾನೆ’ ಅನ್ನುತ್ತೇವೆ. ಹಿಟ್ಲರನ ಸರ್ಕಾರ ಬಯಸಿದ್ದು ಇದನ್ನೇ. ಅದಕ್ಕೆ ಮತ ಸಾಲದು, ಮೌನವೂ ಸಾಲದು, ಹುಡುಗರ ಕೈಕಾಲು ಬೇಕಿತ್ತು. ಸಾವಿರ ಜನರ ಹೆಜ್ಜೆ ಒಂದೇ ಸಲ ನೆಲಕ್ಕೆ ಬೀಳಬೇಕಿತ್ತು. ಸ್ವಿಂಗ್ ಅದಕ್ಕೆ ತದ್ವಿರುದ್ಧವಾದದ್ದು: ತಾಳ ಒಂದೇ, ಆದರೆ ಒಬ್ಬೊಬ್ಬನ ಮೈ ಒಂದೊಂದು ದಾರಿ ಹಿಡಿಯುತ್ತದೆ. ನುಡಿಸುವವನೂ ಬರೆದಿಟ್ಟ ಸ್ವರ ಬಿಟ್ಟು ತನಗೆ ತೋಚಿದ್ದನ್ನು ನುಡಿಸುತ್ತಾನೆ. ಇಂಥ ಸಂಗೀತವನ್ನು ಕೇಳಿ ಬೆಳೆದ ಕಿವಿಗೆ ಕವಾಯತಿನ ಡೋಲು ಹಿಡಿಸುವುದಾದರೂ ಹೇಗೆ?

1940ರ ಫೆಬ್ರುವರಿಯಲ್ಲಿ ಹ್ಯಾಂಬರ್ಗಿನಲ್ಲಿ ಇಂಥ ಒಂದು ಕುಣಿತದ ಕೂಟ ನಡೆಯಿತು. ಐನೂರು ಆರುನೂರು ಮಂದಿ ಸೇರಿದ್ದರು. ಹಿಟ್ಲರ್ ಯುವದಳದವರೂ ಅಲ್ಲಿಗೆ ಹೋಗಿ ಎಲ್ಲವನ್ನೂ ಗಮನಿಸಿ ಬಂದು ವರದಿ ಒಪ್ಪಿಸಿದರು. ಆ ವರದಿ ಉಳಿದಿದೆ. ಒಬ್ಬ ಹುಡುಗಿಯೊಂದಿಗೆ ಇಬ್ಬರು ಹುಡುಗರು ಕುಣಿಯುತ್ತಿದ್ದರು, ಕೆಲವರು ಗುಂಪುಗೂಡಿ ಕೈ ತಟ್ಟುತ್ತ ಕುಪ್ಪಳಿಸುತ್ತಿದ್ದರು, ತಲೆಯ ಹಿಂಭಾಗಕ್ಕೆ ತಲೆ ಉಜ್ಜುತ್ತಿದ್ದರು, ಸೊಂಟ ಬಗ್ಗಿಸಿ ಮೈ ಜೋತು ಬಿಟ್ಟು ಮುಖದ ಮೇಲೆಲ್ಲ ಕೂದಲು ಹರಡಿಕೊಂಡಿದ್ದರು, ಒಂದು ಜೋಡಿಯೂ ಸರಿಯಾಗಿ ಕುಣಿಯಲಿಲ್ಲ ಎಂದು ಬರೆದವನು ಅಸಹ್ಯಪಟ್ಟಿದ್ದಾನೆ. ಆ ವರದಿಯನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಯುದ್ಧ ಶುರುವಾಗಿ ಆರು ತಿಂಗಳೂ ಆಗಿರಲಿಲ್ಲ. ಆ ಸಭಾಂಗಣದಲ್ಲಿದ್ದ ಹುಡುಗರಲ್ಲಿ ಎಷ್ಟೋ ಮಂದಿಗೆ ಸೈನ್ಯದ ಕರೆ ಬರುವುದಿತ್ತು. ಒಂದು ಸಂಜೆಯ ಮಟ್ಟಿಗೆ ಅವರ ಮೈ ಅವರದಾಗಿತ್ತು ಎಂಬುದಕ್ಕೆ ಅವರನ್ನು ದ್ವೇಷಿಸಿದವನೇ ಸಾಕ್ಷಿ ಬರೆದಿಟ್ಟಿದ್ದಾನೆ.

ಮಾರ್ಚ್ 9ರಂದು ‘ಯುವಜನರ ರಕ್ಷಣೆ’ಯ ಹೆಸರಿನಲ್ಲಿ ಪೊಲೀಸ್ ಆದೇಶ ಬಂತು: ಹದಿನೆಂಟು ತುಂಬದವರು ಕತ್ತಲಾದ ಮೇಲೆ ಬೀದಿಯಲ್ಲಿ ಸುಳಿದಾಡಕೂಡದು, ಕುಣಿತದ ಜಾಗಗಳಿಗೆ ಹೋಗಕೂಡದು. ಕೂಟಗಳು ಮನೆಗಳೊಳಕ್ಕೆ ಸರಿದವು. ಹಿಟ್ಲರ್ ಯುವದಳದ ಗಸ್ತು ಪಡೆ ಬೀದಿ ಬೀದಿ ಸುತ್ತುತ್ತಿತ್ತು. 1941ರ ಆಗಸ್ಟಿನಲ್ಲಿ ಹ್ಯಾಂಬರ್ಗಿನ ಗೆಸ್ಟಾಪೊ, ಅಂದರೆ ಹಿಟ್ಲರನ ಗುಪ್ತ ಪೊಲೀಸರು, ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹಿಡಿದರು. ಕೆಲವರ ಕೂದಲು ಕತ್ತರಿಸಿ ಬೈದು ಬಿಟ್ಟರು, ಕೆಲವರನ್ನು ಶಾಲೆಯಿಂದ ಹೊರಹಾಕಿಸಿದರು, ಕೆಲವರನ್ನು ಫುಲ್ಸ್‌ಬ್ಯೂಟೆಲ್ ಸೆರೆಮನೆಗೆ ತಳ್ಳಿ ಹೊಡೆದರು.

ಇಷ್ಟಕ್ಕೂ ತೃಪ್ತಿಯಾಗಲಿಲ್ಲ. 1942ರ ಜನವರಿ 26ರಂದು ಎಸ್‌ಎಸ್ ಪಡೆ ಮತ್ತು ಪೊಲೀಸರ ಮುಖ್ಯಸ್ಥ ಹಿಮ್ಲರ್ ತನ್ನ ಕೈಕೆಳಗಿನ ಭದ್ರತಾ ಪೊಲೀಸ್ ಮುಖ್ಯಸ್ಥ ಹೈಡ್ರಿಚ್‌ಗೆ ಪತ್ರ ಬರೆದ. ಆ ಇಬ್ಬರು ಆಗ ಯಾವ ಕೆಲಸದಲ್ಲಿದ್ದರು ಎಂಬುದನ್ನು ಯೋಚಿಸಿ. ಯುರೋಪಿನ ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಹೇಗೆ ನಡೆಸಬೇಕೆಂದು ಹೈಡ್ರಿಚ್ ಬರ್ಲಿನಿನ ವಾನ್‌ಸೀಯಲ್ಲಿ ಅಧಿಕಾರಿಗಳ ಸಭೆ ಕರೆದು ಇನ್ನೂ ಒಂದು ವಾರವೂ ಕಳೆದಿರಲಿಲ್ಲ. ಅದರ ನಡುವೆಯೂ ಹ್ಯಾಂಬರ್ಗಿನ ಕುಣಿತದ ವಿಚಾರಕ್ಕೆ ಹಿಮ್ಲರನಿಗೆ ಸಮಯವಿತ್ತು. ಮುಂದಾಳುಗಳನ್ನು, ಹುಡುಗರಾಗಲಿ ಹುಡುಗಿಯರಾಗಲಿ, ಅವರಿಗೆ ಬೆಂಬಲ ಕೊಟ್ಟ ಶಿಕ್ಷಕರಿದ್ದರೆ ಅವರನ್ನೂ ಯಾತನಾ ಶಿಬಿರಕ್ಕೆ ಕಳಿಸಿ. ಮೊದಲು ಹೊಡೆತ, ಆಮೇಲೆ ಕವಾಯತು ಮತ್ತು ದುಡಿಮೆ. ಎರಡು ಮೂರು ವರ್ಷ ಅಲ್ಲೇ ಇರಲಿ. ಮತ್ತೆಂದೂ ಓದುವ ಅವಕಾಶ ಸಿಗಬಾರದು ಎಂದು ಬರೆದ. ಹದಿನೇಳರ ಹುಡುಗ ಕೊಡೆ ಹಿಡಿದು ಸಿಳ್ಳೆ ಹಾಕಿಕೊಂಡು ಹೋದದ್ದು ಬರೀ ಮೋಜು ಎಂದು ಹಿಮ್ಲರನಿಗೆ ಅನ್ನಿಸಲಿಲ್ಲ. ಅದು ಅವಿಧೇಯತೆ ಎಂದು ಅವನಿಗೆ ಅರ್ಥವಾಗಿತ್ತು.

ಹುಡುಗರಲ್ಲಿ ಹಲವರು ಮೋರಿಂಗೆನ್ ಶಿಬಿರ ಸೇರಿದರು, ಹುಡುಗಿಯರಲ್ಲಿ ಕೆಲವರು ರಾವೆನ್ಸ್‌ಬ್ರೂಕ್ ಎಂಬ ಮಹಿಳೆಯರ ಯಾತನಾ ಶಿಬಿರದ ಪಕ್ಕದ ಉಕರ್‌ಮಾರ್ಕ್ ಶಿಬಿರ ಸೇರಿದರು. ಕಡತದಲ್ಲಿ ಮೋರಿಂಗೆನ್‌ನ ಹೆಸರು ‘ಯುವಜನ ರಕ್ಷಣಾ ಶಿಬಿರ’. ಅಲ್ಲಿ 1,400ಕ್ಕೂ ಹೆಚ್ಚು ಹುಡುಗರನ್ನು ಕೂಡಿಹಾಕಿದ್ದರು. ಹಸಿವು, ದುಡಿಮೆ, ಚಾಟಿ ಏಟು. ಮನುಷ್ಯರನ್ನು ರಕ್ತದ ಲೆಕ್ಕದಲ್ಲಿ ವಿಂಗಡಿಸುವ ‘ವಿಜ್ಞಾನಿ’ಗಳು ಅಲ್ಲಿಗೆ ಬಂದು ಹುಡುಗರಿಗೆ ಒಂದೊಂದು ಹಣೆಪಟ್ಟಿ ಕಟ್ಟಿದರು: ಇವನು ತಿದ್ದಬಹುದಾದವನು, ಇವನು ತೊಂದರೆ ಕೊಡುವವನು, ಇವನು ಯಾವುದಕ್ಕೂ ಬಾರದವನು. ದಾರಿ ತಪ್ಪಿದವರು, ಕೆಟ್ಟುಹೋದವರು, ಸಮಾಜಕ್ಕೆ ಹೊರತಾದವರು ಎಂಬ ಮಾತುಗಳು ಆ ಕಾಲದ ಕಡತಗಳ ತುಂಬ ಇವೆ. ನಿಮ್ಮ ಲೇಖನದ ‘ಪುಂಡು’ ಈ ಮಾತುಗಳ ಮನೆಗೇ ಸೇರಿದ್ದು.

ಪದವೊಂದಕ್ಕೆ ಇಷ್ಟೇಕೆ ರಂಪ ಎಂದು ಯಾರಾದರೂ ಕೇಳಿಯಾರು. ನನ್ನ ಉತ್ತರ, ಆ ಪದ 1945ರಲ್ಲಿ ಹಿಟ್ಲರನ ಜೊತೆ ಸಾಯಲಿಲ್ಲ ಎಂಬುದೇ. ಯುದ್ಧಾನಂತರ ಪಶ್ಚಿಮ ಜರ್ಮನಿ ಮಾಡಿದ ಪರಿಹಾರದ ಕಾನೂನು ರಾಜಕೀಯ, ಜನಾಂಗ ಅಥವಾ ಧರ್ಮದ ಕಾರಣಕ್ಕೆ ಹಿಂಸೆಗೆ ಒಳಗಾದವರನ್ನಷ್ಟೇ ಸಂತ್ರಸ್ತರೆಂದು ಎಣಿಸಿತು. ‘ಸಮಾಜಕ್ಕೆ ಹೊರತಾದವರು’ ಎಂಬ ಪಟ್ಟಿ ಹೊತ್ತು ಶಿಬಿರಗಳಿಂದ ಹೊರಬಂದವರು ಆ ಲೆಕ್ಕಕ್ಕೆ ಸೇರಲಿಲ್ಲ. ಅವರು ತಾವು ಅನುಭವಿಸಿದ್ದನ್ನು ಮನೆಯವರ ಮುಂದೆಯೂ ಬಾಯಿ ಬಿಡಲು ನಾಚುವಂತಾಯಿತು. ಈ ಹಣೆಪಟ್ಟಿ ಹೊತ್ತವರೂ ನಾಜಿಗಳಿಗೆ ಬಲಿಯಾದವರೇ ಎಂದು ಜರ್ಮನ್ ಸಂಸತ್ತು ನಿರ್ಣಯ ಮಾಡಿದ್ದು 2020ರ ಫೆಬ್ರುವರಿ 13ರಂದು. ಎಪ್ಪತ್ತೈದು ವರ್ಷ! ಅಷ್ಟು ಹೊತ್ತಿಗೆ ಬದುಕಿ ಉಳಿದವರಾದರೂ ಎಷ್ಟು ಜನ?

ಇದು ಹಣವಂತರ ಮಕ್ಕಳ ಕಥೆ ಮಾತ್ರವೂ ಅಲ್ಲ. ಕಲೋನ್ ನಗರದ ಕೂಲಿಕಾರರ ಮನೆಯ ಹುಡುಗರು, ‘ಎಡೆಲ್‌ವೈಸ್ ಪೈರೇಟ್ಸ್’ ಎನ್ನಿಸಿಕೊಂಡವರು, ವಾರಾಂತ್ಯದಲ್ಲಿ ಗಿಟಾರ್ ಹೆಗಲಿಗೇರಿಸಿ ಕಾಡು ಸೇರುತ್ತಿದ್ದರು; ಯುವದಳದ ಹಾಡುಗಳ ಸಾಲುಗಳನ್ನೇ ತಿರುಚಿ ಯುವದಳದ ಮೇಲೆಯೇ ಹಾಡುತ್ತಿದ್ದರು. 1944ರ ನವೆಂಬರ್ 10ರಂದು ಎರೆನ್‌ಫೆಲ್ಡ್ ರೈಲು ನಿಲ್ದಾಣದ ಬಳಿ ವಿಚಾರಣೆಯೇ ಇಲ್ಲದೆ ಸಾರ್ವಜನಿಕವಾಗಿ ನೇಣಿಗೇರಿಸಿದ ಹದಿಮೂರು ಮಂದಿಯಲ್ಲಿ ಇಂಥ ಹುಡುಗರೂ ಇದ್ದರು. ಅವರ ಮೇಲಿನ ‘ಅಪರಾಧಿ’ ಎಂಬ ಕಳಂಕವನ್ನು ತೊಡೆದು ಕಲೋನ್ ಪ್ರಾಂತ್ಯದ ಆಡಳಿತ ಅವರನ್ನು ಪ್ರತಿರೋಧ ಒಡ್ಡಿದವರೆಂದು ಗೌರವಿಸಿದ್ದು 2005ರಲ್ಲಿ. ಇನ್ನು ಜರ್ಮನ್ನರ ವಶದಲ್ಲಿದ್ದ ಪ್ಯಾರಿಸ್‌ನ, ಸ್ವಿಂಗ್‌ಗೆ ಮನಸೋತ ‘ಝಝೂ’ ಹುಡುಗರು. ಯಹೂದಿಗಳು ಹಳದಿ ನಕ್ಷತ್ರ ಧರಿಸಬೇಕೆಂಬ ಆಜ್ಞೆ 1942ರ ಜೂನಿನಲ್ಲಿ ಜಾರಿಯಾದಾಗ, ಯಹೂದಿಗಳಲ್ಲದ ಕೆಲವು ತರುಣರು ತಾವೂ ಹಳದಿ ನಕ್ಷತ್ರ ಮಾಡಿಕೊಂಡು ಅದರ ಮೇಲೆ ‘ಸ್ವಿಂಗ್’ ಎಂದು ಬರೆದುಕೊಂಡು ಬೀದಿಗಿಳಿದರು. ಅದಕ್ಕಾಗಿ ಪ್ಯಾರಿಸ್ ಬಳಿಯ ಡ್ರಾನ್ಸಿ ಬಂಧನ ಶಿಬಿರ ಕಂಡರು. ಇದನ್ನು ಮೋಜು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಇತಿಹಾಸ ಪಾಠ ಮಾಡುವವಳು. ಈ ಭಾಗ ಬಂದಾಗ ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: ‘ಮೇಡಂ, ಕುಣಿದರೆ ಯಾರ ಜೀವ ಉಳಿಯಿತು?’ ಅದು ಸರಿಯಾದ ಪ್ರಶ್ನೆ. ಯಾರ ಜೀವವೂ ಉಳಿಯಲಿಲ್ಲ, ಸರ್ಕಾರ ಬೀಳಲಿಲ್ಲ ಎಂದೇ ಹೇಳುತ್ತೇನೆ. ಆಮೇಲೆ ಹಿಮ್ಲರನ ಪತ್ರದಲ್ಲಿ ಏನಿದೆ ಎಂಬುದನ್ನು ವಿವರಿಸುತ್ತೇನೆ. ಮಕ್ಕಳು ಸುಮ್ಮನೆ ಕೇಳುತ್ತಾರೆ. ಆ ಶಿಕ್ಷೆ ಬರೆದದ್ದು ತಮ್ಮ ವಯಸ್ಸಿನವರಿಗೆ ಎಂಬುದು ಅವರ ಗಮನಕ್ಕೆ ಬಂದಿರುತ್ತದೆ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಆ ಲೇಖನವನ್ನು ಮುಂದೆಂದಾದರೂ ಪುಸ್ತಕದಲ್ಲಿ ಸೇರಿಸುವುದಾದರೆ, ಅಥವಾ ಈ ವಿಷಯವನ್ನು ಮತ್ತೆ ಪ್ರಕಟಿಸುವುದಾದರೆ, ‘ಪುಂಡು’ ಪದವನ್ನು ತೆಗೆದುಹಾಕಿ. ಅದರ ಜಾಗಕ್ಕೆ ಬೇರೆ ಬಿರುದು ಹುಡುಕುವುದೂ ಬೇಡ. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಎಂದು ಬರೆದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಇತಿಹಾಸ ಅಧ್ಯಾಪಕಿ