ಹೇಗ್ ನಗರದ ಹಳೇ ಭಾರತೀಯರನ್ನೂ ಲೆಕ್ಕಕ್ಕೆ ತಗೊಳ್ಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೆದರ್ಲೆಂಡ್ಸ್ ಕನ್ನಡಿಗರ ಬಗ್ಗೆ ಬಂದ ಲೇಖನ ಓದಿದೆ. ರಾಜ್ಯೋತ್ಸವ, ಬಿಸಿಬೇಳೆಬಾತ್, ಮಕ್ಕಳ ಕೋಲಾಟ, ಎಲ್ಲಾ ಚೆನ್ನಾಗಿತ್ತು. ನನ್ನ ಮಗಳ ಸಂಸಾರವೂ ಅಲ್ಲೇ, ಆಮ್‌ಸ್ಟೆಲ್‌ವೇನ್‌ನಲ್ಲಿದೆ. ಆದರೆ ಸಾಫ್ಟ್‌ವೇರ್ ಕೆಲಸ ಶುರುವಾದ ಮೇಲೇ ಭಾರತೀಯರು ಆ ದೇಶ ಕಂಡರು ಅನ್ನುವ ಹಾಗೆ ಬರೆದಿದ್ದು ಸರಿಯಲ್ಲ.

ಅಲ್ಲಿನ ಹೇಗ್ ನಗರದಲ್ಲಿ ಹಿಂದೂಸ್ತಾನಿಗಳು ಅಂತ ಕರೆಸಿಕೊಳ್ಳುವ ಭಾರತ ಮೂಲದವರ ದೊಡ್ಡ ಸಮುದಾಯವೇ ಇದೆ. ಇವರ ಹಿರಿಯರಲ್ಲಿ ಹೆಚ್ಚಿನವರು ಈಗಿನ ಬಿಹಾರ, ಉತ್ತರ ಪ್ರದೇಶದ ಹಳ್ಳಿಯವರು. ಕಲ್ಕತ್ತಾದಲ್ಲಿ ಹಡಗು ಹತ್ತಿಸಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಸಾಗಿಸಿದರು. ಅದು ಡಚ್ಚರ, ಅಂದರೆ ನೆದರ್ಲೆಂಡ್ಸ್‌ನವರ, ವಸಾಹತು. 1863ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಗಿತ್ತು, ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಬ್ರಿಟಿಷರು ನಮ್ಮವರನ್ನು ಕಳಿಸೋಕೆ ಒಪ್ಪಿದರು! ಮೊದಲ ಹಡಗು ‘ಲಲ್ಲಾ ರೂಖ್’ 1873ರ ಜೂನ್ 5ರಂದು ದಡ ಸೇರಿತು. 1916ರವರೆಗೆ ಸುಮಾರು 34,000 ಜನ ಹೋದರು. ಐದು ವರ್ಷದ ಕರಾರು. ಮುಗಿದ ಮೇಲೆ ಮೂರರಲ್ಲೊಂದು ಪಾಲು ಜನ ವಾಪಸ್ ಬಂದರು, ಮಿಕ್ಕವರು ಅಲ್ಲೇ ಉಳಿದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮಕ್ಕಳು ಮೊಮ್ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ನೆದರ್ಲೆಂಡ್ಸ್‌ಗೆ ಬಂದರು.

ಹೇಗ್‌ನಲ್ಲಿ ಇವರ ರೊಟ್ಟಿ ಅಂಗಡಿಗಳಿವೆ. ಬೇಯಿಸಿದ ಬೇಳೆಯ ಪುಡಿ ತುಂಬಿ ಲಟ್ಟಿಸಿದ ರೊಟ್ಟಿ, ಸಿಹಿಯಿಲ್ಲದ ಹೋಳಿಗೆ ಥರ. ಜೊತೆಗೆ ಆಲೂಗಡ್ಡೆ, ಉದ್ದನೆಯ ಅಲಸಂದೆಕಾಯಿ ಪಲ್ಯ. ಕೋಳಿ ಸಾರು ತಿನ್ನುವವರಿಗೆ ಅದೂ ಉಂಟು. ‘ಬಾರಾ’ ಅಂತ ಕೇಳಿದರೆ ಉದ್ದಿನ ವಡೆ ಕೊಡುತ್ತಾರೆ, ನಡುವೆ ತೂತು ಸಮೇತ. ನಾನು ಹೋಗಿದ್ದ ಅಂಗಡಿಯಾಕೆ ನನ್ನ ವಯಸ್ಸಿನವರು. ನನ್ನ ಹರಕು ಹಿಂದಿಗೆ ನಗುತ್ತಲೇ ಮೊಬೈಲ್ ತೆಗೆದು ತಮ್ಮ ಮುತ್ತಜ್ಜನ ದಾಖಲೆ ತೋರಿಸಿದರು. ಹೆಸರು, ಅಪ್ಪನ ಹೆಸರು, ಜಾತಿ, ಊರು, ಎತ್ತರ, ಮೈಮೇಲಿನ ಗಾಯದ ಗುರುತು, ಹಡಗು, ದುಡಿದ ತೋಟ. ಈ ರಿಜಿಸ್ಟರ್‌ಗಳನ್ನು ಹೇಗ್‌ನ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲೇ ಇಟ್ಟಿದೆ. ದನದ ಸಂತೆಯ ಚೀಟಿ ಬರೆದಂತೆ ಬರೆದಿದ್ದಾರೆ, ಪುಣ್ಯಾತ್ಮರು. ಆದರೂ ಆಕೆಗೆ ಊರಿನ ಹೆಸರು ಸಿಕ್ಕಿದ್ದು ಅದರಿಂದಲೇ.

ನನಗೆ ಬೇಸರವಾದದ್ದು ನಮ್ಮ ಹುಡುಗರ ಮಾತು ಕೇಳಿ. ಮಗಳ ಮನೆಗೆ ಬಂದಿದ್ದ ಸ್ನೇಹಿತರಲ್ಲಿ ಒಬ್ಬ, “ಅವರೆಲ್ಲಾ ಒರಿಜಿನಲ್ ಇಂಡಿಯನ್ಸ್ ಅಲ್ಲ ಆಂಟಿ” ಅಂದ. ಐದು ತಲೆಮಾರಿನಿಂದ ಫಗುವಾ ಅಂತ ಹೋಳಿ ಆಡುತ್ತಾ, ಸರ್ನಾಮಿ ಅನ್ನುವ ಭಾಷೆ ಉಳಿಸಿಕೊಂಡವರಿಗೆ ಸರ್ಟಿಫಿಕೇಟ್ ಕೊಡೋಕೆ ನಿನ್ನೆ ಮೊನ್ನೆ ವಿಮಾನ ಹತ್ತಿದ ನಾವು ಯಾರು? ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗನಿಗೆ ಸರ್ನಾಮಿ ಮಾತಿನ ಒಂದು ವಿಡಿಯೋ ತೋರಿಸಿದೆ. ಬಿಹಾರದವನು. “ಅಮ್ಮಾ, ಇದು ನಮ್ಮ ಅಜ್ಜಿ ಮಾತಾಡಿದ ಹಾಗಿದೆ” ಅಂತ ಇನ್ನೊಂದು ಸಲ ಹಾಕಿಸಿಕೊಂಡ.

2017ರ ಜನವರಿಯಲ್ಲಿ ಪ್ರವಾಸಿ ಭಾರತೀಯ ದಿವಸ, ಅಂದರೆ ಹೊರದೇಶದ ಭಾರತೀಯರಿಗಾಗಿ ಸರ್ಕಾರ ನಡೆಸುವ ಸಮಾವೇಶ, ನಮ್ಮ ಬೆಂಗಳೂರಲ್ಲೇ ನಡೆಯಿತು. ಗೋವಾ ಮೂಲದ ಪೋರ್ಚುಗಲ್ ಪ್ರಧಾನಿ ಆಂಟೋನಿಯೊ ಕೋಸ್ಟಾ ಬಂದಿದ್ದು ಜನಕ್ಕೆ ನೆನಪಿದೆ. ಸುರಿನಾಮ್ ಉಪಾಧ್ಯಕ್ಷ ಅಶ್ವಿನ್ ಅಧಿನ್ ಕೂಡ ಬಂದಿದ್ದರು, ಅದು ಯಾರಿಗೆ ನೆನಪಿದೆ ಹೇಳಿ? 2023ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಸುರಿನಾಮ್‌ಗೇ ಹೋಗಿ, ಅಲ್ಲಿನ ಭಾರತ ಮೂಲದವರಿಗೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡನ್ನು ನಾಲ್ಕನೇ ತಲೆಮಾರಿನಿಂದ ಆರನೆಯದಕ್ಕೆ ವಿಸ್ತರಿಸುವುದಾಗಿ ಹೇಳಿದರು. ಸರ್ಕಾರ ಒಪ್ಪಿದ ನಂಟನ್ನು ನಮ್ಮ ಹುಡುಗರು ಒಪ್ಪಲ್ಲ ಅಂದರೆ ಹೇಗೆ?

ಜೂನ್ 5 ಅಂದರೆ ಪರಿಸರ ದಿನ ಅಂತ ನಿಮ್ಮ ಪುಟ ಪೂರ್ತಿ ಗಿಡ ನೆಡುವ ಫೋಟೋಗಳೇ. ಬೇಡ ಅನ್ನಲ್ಲ. ಮುಂದಿನ ವರ್ಷ ಅರ್ಧ ಪುಟವನ್ನಾದರೂ ಲಲ್ಲಾ ರೂಖ್ ಹಡಗಿನವರಿಗೆ ಬಿಡಿ. ಅಲ್ಲಿನ ಕನ್ನಡ ಸಂಘಗಳೂ ದೀಪಾವಳಿಗೆ ಆ ರೊಟ್ಟಿ ಅಂಗಡಿಯವರನ್ನು ಕರೆಯಲಿ. ಅಡುಗೆ ಆರ್ಡರ್ ಕೊಡೋಕೆ ಮಾತ್ರ ಅಲ್ಲ, ಪಂಕ್ತಿಯಲ್ಲಿ ಕೂರಿಸೋಕೆ.

ನಿವೃತ್ತ ಶಾಲಾ ಶಿಕ್ಷಕಿ,
ರಾಜಾಜಿನಗರ, ಬೆಂಗಳೂರು